ಆಟಿ ಕೂರಲು ಬಂದ ಕಾರ್ಪೆಟ್

ಕಾವೂರಿನ ಝಕರಿಯಾ ನಮಾಝ್ ಮುಗಿಸಿ ದುಆಗೆ ಕೈಯೆತ್ತಿದರೆ ಮೊದಲು ಬರುವುದು ಹೆತ್ತ ಉಮ್ಮನ ಹೆಸರು, ಆಮೇಲೆ ಉರ್ವದ ಕುಶಲಕ್ಕನದು. ಹೆಂಡತಿ ನಾಝಿಮಾಳದು ಮೂರನೆಯದು. ನಾಝಿಮಾ ಇದನ್ನು ಮೊದಲ ಸಲ ಕೇಳಿಸಿಕೊಂಡ ಮೇಲೆ ಒಂದಷ್ಟು ದಿನ ಅವನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಈಗ ಅವಳಿಗೂ ಅಭ್ಯಾಸವಾಗಿದೆ. "ಕುಶಲಕ್ಕ ಇಲ್ಲದಿದ್ದರೆ ನಿಮ್ಮ ದುಆ ನನಗೆ ವಾಟ್ಸ್ಯಾಪಿನಲ್ಲಿ ಬರ್ತಿತ್ತು" ಎಂದು ಅವಳೇ ಹೇಳುತ್ತಾಳೆ.

ಝಕರಿಯಾನ ಕೆಲಸ ಕಾರ್ಪೆಟ್ ತೊಳೆಯುವುದು. ತೊಳೆಯುವುದೆಂದರೆ ಒಗೆಯುವ ಕಲ್ಲಿಗೆ ಬಡಿಯುವುದಲ್ಲ. ಅವನ ಓಮ್ನಿಯ ಹಿಂದೆ ಒಂದು ಮೆಷಿನ್ ಕೂತಿರುತ್ತದೆ. ಅದರ ಒಂದು ಟ್ಯಾಂಕಿನಿಂದ ಬಿಸಿನೀರು ರಭಸವಾಗಿ ಕಾರ್ಪೆಟಿನ ಬುಡಕ್ಕೆ ಇಳಿಯುತ್ತದೆ. ಮರುಗಳಿಗೆಯಲ್ಲೇ ಮೆಷಿನ್ ಆ ನೀರನ್ನು ಕೊಳೆಯ ಸಮೇತ ಹೀರಿ ಇನ್ನೊಂದು ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಆ ಎರಡನೆಯ ಟ್ಯಾಂಕಿನ ನೀರನ್ನು ಬಕೆಟಿಗೆ ಸುರಿದು ಮನೆಯವರಿಗೆ ತೋರಿಸುವುದು ಅವನ ಕ್ರಮ. "ನಮ್ಮಲ್ಲಿ ಅಷ್ಟೆಲ್ಲ ಕೊಳೆ ಇಲ್ಲ" ಎಂದು ಬಾಗಿಲಲ್ಲೇ ಹೇಳಿದ್ದವರು ಆ ಕಪ್ಪು ಕಷಾಯ ನೋಡಿ ಬಕೆಟಿನೊಳಕ್ಕೆ ಇನ್ನೊಮ್ಮೆ ಬಗ್ಗುತ್ತಾರೆ. ಆಮೇಲೆ ಇದೆಲ್ಲ ಗಂಡನ ಕಡೆಯ ನೆಂಟರ ಕಾಲಿನದು ಎನ್ನುತ್ತಾರೆ.

ಈ ವಿದ್ಯೆ ಅವನು ಕಲಿತದ್ದು ದೋಹಾದಲ್ಲಿ. ದೊಡ್ಡ ದೊಡ್ಡ ಹೊಟೇಲುಗಳ ಕಾರ್ಪೆಟ್ ತೊಳೆಯುತ್ತ ಅಲ್ಲಿ ಅವನ ಯೌವನ ಕಳೆಯಿತು. ಮಗಳು ರೈಹಾನಾ ಹುಟ್ಟಿದ್ದು, ಅವಳಿಗೆ ಹಲ್ಲು ಬಂದದ್ದು, ಅವಳು ಗೋಡೆ ಹಿಡಿದು ನಡೆದದ್ದು ಎಲ್ಲವನ್ನೂ ಮೊಬೈಲಿನಲ್ಲೇ ನೋಡಿದ. ಒಮ್ಮೆ ರಜೆಯಲ್ಲಿ ಊರಿಗೆ ಬಂದಿದ್ದಾಗ ನೆರೆಮನೆಯ ಆರಿಫಾ ಮಗುವನ್ನು ಎತ್ತಿಕೊಂಡು, "ಉಪ್ಪ ಎಲ್ಲಿ, ತೋರ್ಸು" ಎಂದು ಅಪ್ಪನನ್ನು ತೋರಿಸಲು ಹೇಳಿದಳು. ಮಗು ಎದುರಿಗೇ ಕೂತಿದ್ದ ಝಕರಿಯಾನನ್ನು ಬಿಟ್ಟು ಒಳಗೆ ಓಡಿಹೋಗಿ ಮೊಬೈಲ್ ತಂದು ತೋರಿಸಿತು. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ವಾಪಸು ಹೋದವನು ಅಲ್ಲಿಯ ಕೆಲಸ ಬಿಟ್ಟು, ಮೆಷಿನ್ ಒಂದನ್ನು ಹೊಂದಿಸಿಕೊಂಡು ಊರಿಗೇ ಬಂದುಬಿಟ್ಟ.

ಬಂದದ್ದೇನೋ ಸರಿ, ಕೆಲಸ ಕೊಡುವವರು ಬೇಕಲ್ಲ? ದೋಹಾದಲ್ಲಿದ್ದ ನಾಝಿಮಾಳ ಅಣ್ಣ ಅರ್ಶದ್ ಆಗಾಗ ಫೋನ್ ಮಾಡುತ್ತಿದ್ದ. "ವೀಸಾ ರೆಡಿ ಉಂಟು ಮಾರಾಯ. ಈ ತಿಂಗಳ ಒಳಗೆ ಹೂಂ ಅಂತ ಹೇಳು, ಆಮೇಲೆ ನನ್ನ ಕೈಯಲ್ಲಿಲ್ಲ." ಝಕರಿಯಾ ಮನಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡ. ಮೊದಲ ಕೆಲಸ ಒಳ್ಳೆಯದಾಗಿ ನಾಲ್ಕು ಜನ ಕರೆದರೆ ಊರು. ಹೆಸರು ಕೆಟ್ಟರೆ ಮತ್ತೆ ದೋಹಾ, ಮತ್ತೆ ಮೊಬೈಲಿನ ಉಪ್ಪ.

ಆ ಮೊದಲ ಕೆಲಸ ಕೊಟ್ಟವರು ಕುಶಲಕ್ಕ. ಉರ್ವದ ಮಾರ್ಕೆಟಿನಲ್ಲಿ ಮೀನು ಕೊಳ್ಳುವಾಗ ಸಿಕ್ಕಿದ ಅವನ ಕರಪತ್ರ ನೋಡಿ ಫೋನ್ ಮಾಡಿದ್ದರು. ಮಗಳು ನಿರೀಕ್ಷಾಳ ಮದುವೆ ಆ ಬೇಸಿಗೆಯಲ್ಲಿ ಮುಗಿದಿತ್ತು. ನೆಂಟರ ಕಾಲಧೂಳು, ಯಾರೋ ಚೆಲ್ಲಿದ ಪಾಯಸ ಎಲ್ಲ ಹಾಲ್‌ನಲ್ಲಿ ಹಾಸಿದ್ದ ಕಾರ್ಪೆಟಿನ ಮೇಲೆ ಉಳಿದಿತ್ತು. ಮದುವೆಯಾದ ವರ್ಷ ಆಟಿ ತಿಂಗಳಲ್ಲಿ ಮಗಳು ತವರಿಗೆ ಬಂದು ಕೂರುವುದು ತುಳುವರ ಪದ್ಧತಿ. ಅವಳನ್ನು ಬಿಡಲು ಬಜಪೆಯಿಂದ ಬೀಗಿತ್ತಿಯೇ ಬರುವವರಿದ್ದರು. ಬೀಗಿತ್ತಿಯ ಕಣ್ಣಿಗೆ ಕಲೆ ಬೀಳಬಾರದು ಎಂಬುದು ಕುಶಲಕ್ಕನ ಚಿಂತೆ. ಆದರೆ ಆಟಿಯೆಂದರೆ ಮಳೆ ಹಿಡಿದರೆ ಬಿಡದ ತಿಂಗಳು ಎಂಬುದನ್ನು ಇಬ್ಬರೂ ಯೋಚಿಸಲಿಲ್ಲ.

ಝಕರಿಯಾ ಜೀವ ತೇದು ಕೆಲಸ ಮಾಡಿದ. ಪಾಯಸದ ಕಲೆ ಹೋಗಲೆಂದು ಒಂದಕ್ಕೆರಡು ಸಲ ಬಿಸಿನೀರು ಬಿಟ್ಟ. ಕಲೆ ಹೋಯಿತು, ಬಣ್ಣವೂ ಉಳಿಯಿತು.

"ಯಾವಾಗ ಒಣಗ್ತದೆ?" ಕುಶಲಕ್ಕ ಕೇಳಿದರು.

"ಸಂಜೆಗೆ ಒಣಗ್ತದೆ ಅಕ್ಕ. ಕಿಟಕಿ ಎಲ್ಲ ತೆರೆದಿಡಿ, ಸಾಕು."

ಇದು ದೋಹಾದ ಮಾತು. ಅಲ್ಲಿಯ ಗಾಳಿಗೆ ಹಸಿ ಮರವೂ ಒಣಗೀತು. ಮಂಗಳೂರಿನಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲಿ ಒಣಗದ ಚಡ್ಡಿ ಹಾಕಿಕೊಂಡೇ ಶಾಲೆಗೆ ಹೋದವನು, ಆಟಿಯಲ್ಲಿ ಕಿಟಕಿ ತೆರೆದಿಟ್ಟು ಕಾರ್ಪೆಟ್ ಒಣಗಿಸಲು ಹೊರಟನೆಂದರೆ ಆ ಮರಳುಗಾಡು ಅವನ ತಲೆಯಿಂದ ಏನನ್ನೆಲ್ಲ ಅಳಿಸಿತ್ತೋ ನೋಡಿ.

ಮರುದಿನ ಬೆಳಿಗ್ಗೆಯೇ ಫೋನ್ ಬಂತು. ಹೋಗಿ ನೋಡಿದರೆ ಕಾರ್ಪೆಟ್ ನಿನ್ನೆಗಿಂತ ಒದ್ದೆ. ಹಾಲಿನಲ್ಲೆಲ್ಲ ಮಳೆಯಲ್ಲಿ ನೆಂದ ಕಂಬಳಿಯ ವಾಸನೆ. ಬೀಗರು ಬರುವುದು ನಾಳೆ.

"ಕಿಟಕಿ ತೆರೆದಿಡಿ ಅಂತ ಹೇಳಿದ್ದು ಯಾರು?"

"ನಾನೇ ಅಕ್ಕ."

"ಆಟಿಯಲ್ಲಿ?"

ಕುಶಲಕ್ಕ ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಬೈದರು. ಬೈಯುತ್ತಲೇ ಒಂದೊಂದು ಕಿಟಕಿಯನ್ನೂ ತಾವೇ ಮುಚ್ಚುತ್ತ ಹೋದರು. "ಹೊರಗಿನ ಗಾಳಿಯೇ ಒದ್ದೆ ಉಂಟು. ಅದು ಇದನ್ನು ಎಂತ ಒಣಗಿಸ್ತದೆ?" ಎಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅವನನ್ನು ಅಂಗಳಕ್ಕೆ ಅಟ್ಟುತ್ತಿದ್ದರು. ಕುಶಲಕ್ಕ ಮಗಳಿಗೆಂದು ಹೊಸ ಬೆಡ್‌ಶೀಟ್ ಹಾಸಿ ಸಿದ್ಧಮಾಡಿದ್ದ ಕೋಣೆಯ ಬಾಗಿಲು ತೆರೆದರು. "ಗಾಳಿಯ ಪಸೆ ಎಳೆಯುವ ಎಸಿ ಇರುವುದು ಇಲ್ಲಿ ಮಾತ್ರ. ಮಂಚ ಬದಿಗೆ ಸರಿಸು."

ಝಕರಿಯಾ ಮೊದಲು ನೀರು ಬಿಡದೆ ಬರೀ ಮೆಷಿನಿನಿಂದ ಹೀರಿದ, ತೋಳು ಸೋಲುವವರೆಗೆ ಹೀರಿದ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿಟ್ಟು ಕಾರ್ಪೆಟನ್ನು ಅವುಗಳ ಮೇಲೆ ಹಾಸಿ, ಅಡಿಯಿಂದ ಫ್ಯಾನ್ ಬಿಟ್ಟ. ಎಸಿ ಓಡುತ್ತಲೇ ಇತ್ತು. ಅವನು ಬಾಗಿಲ ಹತ್ತಿರ ಕೂತು ಆಗಾಗ ಎದ್ದು ಕಾರ್ಪೆಟಿನ ಮಗ್ಗುಲು ಬದಲಿಸುತ್ತಿದ್ದ. ಕುಶಲಕ್ಕ ಅವನ ಮುಂದೆ ಕುಚ್ಚಲಕ್ಕಿ ಗಂಜಿ ತಂದಿಟ್ಟು, "ನೀನು ಹಸಿದು ಕೂತರೆ ಅದು ಬೇಗ ಒಣಗುವುದಿಲ್ಲ" ಎಂದರು. ಗಂಜಿ ಕುಡಿಯುವಾಗ ಅವನ ಕಣ್ಣು ತುಂಬಿತು. ಪರದೇಶದಲ್ಲಿ ಅವನು ತಪ್ಪು ಮಾಡಿದಾಗ ಯಾರೂ ಊಟ ಹಾಕಿದ್ದಿಲ್ಲ.

ಮರುದಿನ ಬೀಗಿತ್ತಿ ಬಂದಾಗ ಹಾಲಿನ ನೆಲ ಖಾಲಿ. ಸೊಸೆಯ ಕೋಣೆಗೆ ಇಣುಕಿದರೆ ಅಲ್ಲಿ ಕಾರ್ಪೆಟ್ ಎಸಿಯ ತಂಪಿನಲ್ಲಿ ಹಾಯಾಗಿ ಮಲಗಿತ್ತು.

"ಆಟಿ ಕೂರ್ಲಿಕ್ಕೆ ಬಂದದ್ದು ನಿರೀಕ್ಷಾಳಾ, ಈ ಕಾರ್ಪೆಟಾ?" ಎಂದು ಬೀಗಿತ್ತಿ ಕೇಳಿದರು.

ಝಕರಿಯಾ ಗೋಡೆಗೆ ಅಂಟಿಕೊಂಡು ನಿಂತ. ಕುಶಲಕ್ಕ ಒಂದು ಮಾತು ಅವನ ಮೇಲೆ ಹಾಕಿದರೆ ಸಾಕಿತ್ತು, ಅವರ ಮಾನ ಉಳಿಯುತ್ತಿತ್ತು. ಅರ್ಶದನ ವೀಸಾ ಅವನ ಕಣ್ಣ ಮುಂದೆಯೇ ಬಂದುಹೋಯಿತು.

"ಇವ ಝಕರಿಯಾ," ಎಂದರು ಕುಶಲಕ್ಕ. "ಇವನಿಗೆ ಮಳೆಯ ಲೆಕ್ಕ ತಪ್ಪಿತು. ಆಟಿಯಲ್ಲಿ ತೊಳೆಸ್ಲಿಕ್ಕೆ ಕರೆದ ನನಗೂ ಬುದ್ಧಿ ಇರ್ಲಿಲ್ಲ. ಆದ್ರೆ ಇವ ಬಿಟ್ಟು ಓಡ್ಲಿಲ್ಲ. ನಿನ್ನೆಯಿಂದ ಇದರ ಹತ್ರವೇ ಕೂತಿದ್ದಾನೆ, ಬಾಣಂತಿಯನ್ನು ನೋಡಿಕೊಂಡ ಹಾಗೆ. ಮದುವೆಯ ಪಾಯಸ ಚೆಲ್ಲಿದ್ದು ಎಲ್ಲಿ ಅಂತ ತೋರ್ಸಿ ನೋಡುವ."

ಬೀಗಿತ್ತಿ ಬಗ್ಗಿ ಕಾರ್ಪೆಟಿನ ಮೇಲೆ ಅಂಗೈ ಒತ್ತಿದರು. ಅಂಗೈಯನ್ನು ಮೂಸಿ ನೋಡಿದರು. ಇನ್ನೊಂದು ಬದಿಗೆ ಹೋಗಿ ಅಲ್ಲೂ ಒತ್ತಿದರು. ಬಜಪೆಯಲ್ಲಿ ಅವರ ಮನೆಯವರದೇ ಹೊಟೇಲಿತ್ತು, ರೂಮುಗಳಿಗೆಲ್ಲ ಕಾರ್ಪೆಟ್ ಇತ್ತು. ಒದ್ದೆ ಯಾವುದು, ಒಣಗಿದ್ದು ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಒಣಗಿದೆ," ಎಂದರು. ಆಮೇಲೆ ಝಕರಿಯಾನ ಕಡೆ ತಿರುಗಿ, "ನಮ್ಮಲ್ಲಿಗೆ ತೊಳೆಯಲು ಬಂದವರು ಹಾಳು ಮಾಡಿ ಹೋದರೆ ಮತ್ತೆ ಫೋನ್ ಎತ್ತುವುದಿಲ್ಲ. ಮಳೆ ಬಿಟ್ಟ ಮೇಲೆ ನೀವು ನಮ್ಮ ಹೊಟೇಲಿಗೆ ಬನ್ನಿ. ಆಟಿಯಲ್ಲಿ ಮಾತ್ರ ಬೇಡ" ಎಂದರು.

ಹೊರಡುವಾಗ ಕುಶಲಕ್ಕ ಅವನ ಮಗುವಿಗೆಂದು ಕೆಸುವಿನೆಲೆಯ ಪತ್ರೊಡೆ ಕಟ್ಟಿಕೊಟ್ಟರು. ಅದನ್ನು ಕೈಯಲ್ಲಿ ಹಿಡಿದು ಮಳೆಯಲ್ಲಿ ನಿಂತವನಿಗೆ ಏನಾದರೂ ಹೇಳಬೇಕೆನಿಸಿತು, ಬರಲಿಲ್ಲ. ಆ ಹೇಳದ ಮಾತೇ ಇವತ್ತಿಗೂ ದುಆದಲ್ಲಿ ಎರಡನೆಯ ಹೆಸರಾಗಿ ಬರುತ್ತಿದೆ.

ಮನೆ ಸೇರಿದಾಗ ನಾಝಿಮಾಳ ಮೊಬೈಲಿಗೆ ಅರ್ಶದನ ವಿಡಿಯೊ ಕಾಲ್ ಬರುತ್ತಿತ್ತು. ಪತ್ರೊಡೆ ತಿನ್ನುತ್ತಿದ್ದ ರೈಹಾನಾ ಎಣ್ಣೆಗೈಯಲ್ಲೇ ಎತ್ತಿದಳು. "ಉಪ್ಪ ಎಲ್ಲಿ? ವೀಸಾಕ್ಕೆ ಅವನಿಂದ ಒಂದು ಮಾತು ಬೇಕಿತ್ತು" ಎಂದ ಅರ್ಶದ್.

ಮಗು ಮೊಬೈಲನ್ನು ಒಮ್ಮೆ ನೋಡಿತು. ಒದ್ದೆ ಅಂಗಿ ಬಿಚ್ಚುತ್ತಿದ್ದ ಝಕರಿಯಾನನ್ನು ನೋಡಿತು.

"ಉಪ್ಪ ಇದರಲ್ಲಿ ಇಲ್ಲ ಮಾಮ," ಎಂದಳು ರೈಹಾನಾ. "ಉಪ್ಪ ಮನೆಯಲ್ಲಿದ್ದಾರೆ."