ಮುಂದೆ ನಡೆಯುವ ಬಲಗೈ

ಅವರ ಬಲಗೈ ಅವರಿಗಿಂತ ಒಂದು ಮೊಳ ಮುಂದೆ ನಡೆಯುತ್ತಿತ್ತು. ಬೆರಳುಗಳನ್ನು ಜೋಡಿಸಿ, ಕಿರುಬೆರಳಿನ ಅಂಚು ನೆಲದ ಕಡೆಗಿಟ್ಟು, ಸೌತೆಕಾಯಿ ಹೆಚ್ಚುವವರ ಹಾಗೆ ಮೆಲ್ಲಗೆ ಆಡಿಸುತ್ತ, ತಲೆ ತುಸು ತಗ್ಗಿಸಿ ಗುಂಪಿನೊಳಗೆ ಹೊಕ್ಕರೆಂದರೆ ಆಚೆ ಬದಿಯಲ್ಲೇ ಕಾಣಿಸುತ್ತಿದ್ದರು. ಯಾರಿಗೂ ಮೈ ತಾಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಮಾತ್ರ ಪೈಪಿನ ಗ್ರೀಸ್ ಯಾವತ್ತೂ ಇರುತ್ತಿತ್ತು.

ಎಂಬತ್ತರ ದಶಕದಲ್ಲಿ ಸೌದಿಯ ಜಿದ್ದಾದ ಕಡಲ ಬದಿಯಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರ ಕಟ್ಟುವಾಗ ಅವರು ನಮ್ಮ ಫೋರ್‌ಮನ್, ಜಪಾನಿನವರು. ನಾನು ಬಂಟ್ವಾಳ ಕಡೆಯ ಪೈಪ್ ಫಿಟ್ಟರ್. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಲಿತ ಮೊಣಕೈ ವಿದ್ಯೆಯೊಂದೇ ನನಗೆ ಗೊತ್ತಿದ್ದದ್ದು. ಕ್ಯಾಂಟೀನಿನಲ್ಲಿ ನಾನು ನುಗ್ಗುವುದನ್ನು ಕಂಡು ಒಂದು ದಿನ ಸಾಲಿನ ಕೊನೆಗೆ ಕರೆದೊಯ್ದು ನಿಲ್ಲಿಸಿದರು, ತಾವೂ ಪಕ್ಕದಲ್ಲೇ ನಿಂತರು. ಅವತ್ತು ಇಬ್ಬರಿಗೂ ಮೀನು ಸಿಗಲಿಲ್ಲ. ನನಗೆ ಮೈಯೆಲ್ಲ ಉರಿದಿತ್ತು.

ಆದರೆ ಜಿದ್ದಾದ ಶರಫಿಯಾ ಪೇಟೆಯಲ್ಲಿ ಅವರ ವಿದ್ಯೆಯೂ ಸೋತಿತು. ಶುಕ್ರವಾರ ಸಂಜೆ ಅಂಗಿ ಹೊಲಿಸಲೆಂದು ನನ್ನ ಜೊತೆ ಬಂದಿದ್ದರು. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಅವರು ಬಲಗೈ ಚಾಚಿದ್ದೇ ತಡ, ಎದುರಿಗೆ ಬಂದ ಮಲಬಾರಿಯೊಬ್ಬ ಅದನ್ನು ಹಿಡಿದು ಕುಲುಕಿ ಸಲಾಂ ಹೇಳಿದ. ಅವನ ಹಿಂದೆ ಒಬ್ಬ ಪಠಾಣ. ಆಮೇಲೆ ಒಬ್ಬ ಸೌದಿ ಮುದುಕರು, ಕೈ ಬಿಡದೆ ಮನೆಮಂದಿಯ ಕ್ಷೇಮವನ್ನೆಲ್ಲ ಅರಬ್ಬಿಯಲ್ಲಿ ವಿಚಾರಿಸಿದರು. ಇವರು ಪ್ರತಿಯೊಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿದರು. ನೂರು ಹೆಜ್ಜೆಯ ದಾರಿಗೆ ಅರ್ಧ ಗಂಟೆ ಹಿಡಿಯಿತು.

ಅಂಗಡಿಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದ ಕಾಪು ಕಡೆಯ ಟೈಲರ್ ಹೊಟ್ಟೆ ಹಿಡಿದು ನಕ್ಕ. "ಎಂತ ಮಾರಾಯ, ನಿನ್ನ ಜಪಾನಿ ಓಟಿಗೆ ನಿಂತಿದ್ದಾನಾ?"

ಫೋರ್‌ಮನ್ ಮಾತ್ರ ನಗಲಿಲ್ಲ. ನಮ್ಮಿಬ್ಬರ ಇಂಗ್ಲಿಷೂ ಹರಕು ಮುರುಕು. "ನಮ್ಮಲ್ಲಿ ಈ ಕೈ ಅಂದರೆ ದಾರಿ ಬಿಡಿ. ನಾನು ದಾರಿ ಕೇಳಿದೆ. ಇವರು ಕೈ ಕೊಟ್ಟರು" ಎಂದರು, ಬಹಳ ಯೋಚಿಸಿ. ವಾಪಸು ಬರುವಾಗಲೂ ಅದೇ ಕೈ ಚಾಚಿಕೊಂಡೇ ಬಂದರು. ಅಂಥ ಹಟ.

ಆ ವರ್ಷ ಊರಿನಿಂದ ತಾಯಿಯ, ನಮ್ಮ ಉಮ್ಮನ ಕಾಗದ ಬಂತು. ರಂಜಾನಿನಲ್ಲಿ ಉಮ್ರಾ ಯಾತ್ರೆಗೆ ಮಕ್ಕಾಕ್ಕೆ ಬರುತ್ತಾರಂತೆ. ಎರಡು ವರ್ಷದ ಹಿಂದೆ ಬಾವಿಕಟ್ಟೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ ಜೀವ. ಮಕ್ಕಾದಲ್ಲಿ ಹೊತ್ತು ಸುತ್ತಿಸುವವರಿದ್ದಾರೆ ಎಂದು ನಾನು ಬರೆದರೆ, "ಹೊತ್ತುಕೊಂಡು ಹೋಗುವ ದಿನ ಹೇಗೂ ಬರುತ್ತದೆ. ಕಾಬಾದ ಸುತ್ತ ಏಳು ಸುತ್ತೂ ನಾನು ನಡೆದೇ ಬರುವುದು" ಎಂದು ಬರೆಸಿದ್ದರು. ಆ ಜನಸಾಗರದಲ್ಲಿ ಯಾರಾದರೂ ಒಮ್ಮೆ ದೂಡಿದರೆ ಮುಗಿಯಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಫೋರ್‌ಮನ್ ಹತ್ತಿರ ಹೋಗಿ ಹೇಳಿದೆ.

ಅವರು ಮಕ್ಕಾಕ್ಕೆ ಬರುವಂತಿರಲಿಲ್ಲ, ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ಬದಲಿಗೆ ಶುಕ್ರವಾರ ನನ್ನನ್ನು ಶರಫಿಯಾಕ್ಕೆ ಕರೆದೊಯ್ದು, ಅಂಚಿನವರೆಗೆ ಚಹಾ ತುಂಬಿದ ಗ್ಲಾಸನ್ನು ಎಡಗೈಗೆ ಕೊಟ್ಟರು.

"ಇದು ನಿನ್ನ ತಾಯಿ. ಯಲ್ಲಾ, ನಡಿ."

ಹತ್ತು ಹೆಜ್ಜೆಗೆ ಅರ್ಧ ಚಹಾ ಅಂಗಿಯ ಮೇಲೆ. ತಾಗಿದವನನ್ನು ನಾನು ಬೈದೆ. ಅವರು ತಲೆಯಾಡಿಸಿದರು. "ನೀನು ಸಿಟ್ಟು ಮಾಡಿದೆ. ಕೈ ನಡುಗಿತು. ಮುಖ ನೋಡಬೇಡ, ಭುಜ ನೋಡು. ಭುಜ ಮೊದಲು ತಿರುಗುತ್ತದೆ."

ಮೂರು ಶುಕ್ರವಾರ ಇದೇ ಕಥೆ. ಟೈಲರ್ ಗೇಲಿ ಮಾಡಿ ಸುಸ್ತಾದ. ನಾಲ್ಕನೆಯ ವಾರ ರಸ್ತೆಯ ಆಚೆ ತುದಿ ಮುಟ್ಟಿದಾಗ ಒಂದು ತೊಟ್ಟೂ ಚೆಲ್ಲಿರಲಿಲ್ಲ. ತಣ್ಣಗಾದ ಆ ಚಹಾವನ್ನು ಫೋರ್‌ಮನ್ ನಿಂತಲ್ಲೇ ಕುಡಿದು ಮುಗಿಸಿದರು.

ಉಮ್ಮ ಬಂದರು. ಎಡಗೈಯಲ್ಲಿ ಅವರನ್ನು ಬಳಸಿ ಹಿಡಿದು, ಬಲಗೈ ಚಾಚಿ, ತಲೆ ತಗ್ಗಿಸಿ, ಭುಜಗಳನ್ನೇ ನೋಡುತ್ತ ಏಳೂ ಸುತ್ತು ಮುಗಿಸಿದೆ. ಹೊರಗೆ ಬರುವಾಗ ಸಿಕ್ಕಿಬಿದ್ದೆವು. ಎದುರಿಗೆ ಆಳೆತ್ತರದ ಆಫ್ರಿಕಾದವರ ಒಂದು ಗುಂಪು, ಕೈಕೈ ಬೆಸೆದುಕೊಂಡು ಬರುತ್ತಿತ್ತು. ಹಿಂದಿನಿಂದ ನೂಕು. ಉಮ್ಮನ ಕಾಲು ಕುಸಿಯತೊಡಗಿತು. ನುಗ್ಗೋಣವೆಂದು ಮೊಣಕೈ ತಾನಾಗಿ ಏಳುತ್ತಿತ್ತು. ಹಲ್ಲು ಕಚ್ಚಿ, ಬೆರಳು ಜೋಡಿಸಿ ಕೈ ಮುಂದೆ ನೀಡಿದೆ.

ಮೊದಲನೆಯವನು ಅದನ್ನು ಹಿಡಿದು ಕುಲುಕಿ ಸಲಾಂ ಹೇಳಿದ. ಆಗ ಅವನ ಕಣ್ಣು ಉಮ್ಮನ ಮೇಲೆ ಬಿತ್ತು. ನನ್ನ ಕೈ ಬಿಡದೆ ಭುಜ ತಿರುಗಿಸಿ ನಮ್ಮನ್ನು ಒಳಗೆಳೆದುಕೊಂಡು ಪಕ್ಕದವನ ಕೈಗೆ ದಾಟಿಸಿದ. ಅವನು ಮತ್ತೊಬ್ಬನಿಗೆ. ಹೊರಗೆ ಬಂದು ಕಂಬಕ್ಕೆ ಒರಗಿದ ಉಮ್ಮ ಏದುಸಿರು ಬಿಡುತ್ತ ಕೇಳಿದರು: "ಅವರೆಲ್ಲ ನಿನ್ನ ಗುರ್ತದವರಾ ಮಗಾ?"

ನನಗೆ ಅಳು ಬಂತು.

ಸೈಟಿಗೆ ಮರಳಿದ ದಿನ ಫೋರ್‌ಮನ್ ಗೇಟಿನಲ್ಲೇ ನಿಂತಿದ್ದರು. ಕೇಳಿದ್ದು ಒಂದೇ ಮಾತು. "ಚಹಾ?"

"ಒಂದು ತೊಟ್ಟೂ ಚೆಲ್ಲಲಿಲ್ಲ, ಸರ್."

ಕೆಲಸ ಮುಗಿದು ಅವರು ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಬಾಗಿಲಲ್ಲಿ ಜನವೋ ಜನ. ಅವರು ನನ್ನ ಕಡೆಗೆ ಬಗ್ಗಿ ನಮಸ್ಕರಿಸಿ, ತಿರುಗಿ, ಎಂದಿನಂತೆ ಬಲಗೈ ಮುಂದೆ ಚಾಚಿದರು. ಅದು ದಾರಿ ಕೇಳುವ ಕೈಯೆಂದು ಅಲ್ಲಿ ತಿಳಿದಿದ್ದವನು ನಾನೊಬ್ಬನೇ. ಆದರೂ ಓಡಿಹೋಗಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಲುಕಿದೆ.