ನೀರಿನ ಪಾಲಿಶ್, ಹತ್ತಿಯ ಚೀಲ

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಬೈಲಹೊಂಗಲದ ನಮ್ಮ ಓಣಿಯ ಗಿರಿಜಾ ಅವರ ಶೆಡ್ಡಿನಿಂದ ಹೊಗೆ ಬಂತು. ಒಳಗೆ ಒಲೆ ಇರಲಿಲ್ಲ. ಕರೆಂಟ್ ಹೋಗಿತ್ತು. ಯಾರೂ ಕಡ್ಡಿ ಗೀರಿರಲಿಲ್ಲ.

ಗಿರಿಜಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾರೆ. ಬಿಡುವಿನಲ್ಲಿ ಕುಸುಬಿ ಎಣ್ಣೆಯಿಂದ ಮರದ ಪಾಲಿಶ್ ಮಾಡುತ್ತಾರೆ. ಥಿನ್ನರ್ ಇಲ್ಲ, ತುಸು ಸೋಪು ಹಾಕಿ ನೀರಿನಲ್ಲೇ ಬೆರೆಸುವುದು. ಕಳೆದ ವರ್ಷ ನಮ್ಮ ಬಾಗಿಲಿಗೂ ಹಚ್ಚಿದ್ದು ಅದೇ. (ವಾಸನೆಯೇ ಇಲ್ಲದ್ದು ಎಂಥ ಪಾಲಿಶ್ ಎಂದು ಪೇಂಟರ್ ಮುಖ ಸಿಂಡರಿಸಿದ್ದ.)

ಓಡಿದೆ. ಶೆಡ್ಡಿಗೆ ಅಂಟಿದ ಕೋಣೆಯಲ್ಲಿ ಅವರ ಅತ್ತೆ ಬಸವ್ವ ಮಲಗಿದ್ದರು.

"ಅಮ್ಮಾರ, ಹೊರಗ ಬರ್ರಿ, ಹೊಗಿ ಬರಾಕತ್ತೈತಿ."

"ನೀರಿನ ಬಣ್ಣಕ್ಕ ಬೆಂಕಿ ಹೆಂಗ ಹತ್ತೀತು? ಪೇಪರ್‌ನವರು ನೀವು, ಎಲ್ಲಾ ದೊಡ್ಡದ ಮಾಡ್ತೀರಿ," ಎನ್ನುತ್ತ ಅವರು ಚಪ್ಪಲಿ ಹುಡುಕತೊಡಗಿದರು. ಕೈ ಹಿಡಿದು ಎಳೆದು ತಂದೆ.

ಹೊಗೆ ಬರುತ್ತಿದ್ದುದು ಮೂಲೆಯ ಗೋಣಿಚೀಲದಿಂದ. ಹತ್ತಿಯ ಊರಿನಲ್ಲಿ ಪಾಲಿಶ್‌ಗೆ ಬ್ರಷ್ ಯಾರು ಕೊಳ್ಳುತ್ತಾರೆ? ಜಿನ್ನಿಂಗ್ ಮಿಲ್ಲಿನ ಹತ್ತಿಯನ್ನು ಉಂಡೆ ಕಟ್ಟಿ, ಅದ್ದಿ, ಉಜ್ಜುವುದು. ಬಳಸಿದ್ದನ್ನು ಮತ್ತೆ ಬೇಕಾದೀತೆಂದು ಚೀಲಕ್ಕೆ ತುರುಕುವುದು. ಚೀಲವನ್ನು ಎಳೆದು ತಂದು ಅಂಗಳದಲ್ಲಿ ಸುರಿದೆ. ಮೇಲಿನ ಉಂಡೆಗಳು ತಣ್ಣಗಿದ್ದವು. ನಡುವಿನವು ಕೆಂಡ.

ನೀರು ಹಾಕಿ ಆರಿಸುವಷ್ಟರಲ್ಲಿ ಗಿರಿಜಾ ಬಂದರು.

"ನೀರು ಆರಿ ಹೋಗೇತ್ರಿ ಸರ. ಉಳಿದ ಎಣ್ಣಿ ಗಾಳಿಗೆ ಬಿಸಿ ಆಗತೈತಿ. ಒತ್ತಿ ತುಂಬಿದ್ರ ಆ ಬಿಸಿ ಹೊರಗ ಹೋಗಂಗಿಲ್ಲ." ನೆನೆದ ಉಂಡೆಗಳನ್ನು ನೋಡುತ್ತ, "ದಿನಾ ಇದನ್ನ ಪಾಠಾ ಮಾಡ್ತೇನಿ. ನೀರು ಹಾಕೇನಿ ಅಂತ ಧೈರ್ಯದಾಗ ಇದ್ದೆ," ಎಂದರು.

ಆಮೇಲೆ ಫೋನ್ ಹೊರತೆಗೆದರು. "ಈ ವಾರ ಮೂರು ಮಂದಿಗೆ ಪಾಲಿಶ್ ಡಬ್ಬಿ ಕೊಟ್ಟೇನ್ರಿ. ಉಂಡಿ ಚೀಲದಾಗ ಒತ್ತಿ ಇಡ್ರಿ ಅಂತ ನಾನ ಹೇಳೇನಿ."

ಕಿತ್ತೂರಿನ ಬಡಿಗ ಫೋನ್ ಎತ್ತಿದ. ಉಂಡೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದ. ಸವದತ್ತಿಯ ಶಿಕ್ಷಕರು ಚೀಲ ಮುಟ್ಟಿ ನೋಡಿ, "ಬೆಚ್ಚಗೈತ್ರಿ," ಎಂದರು. ಅವರಿಂದಲೂ ನೀರು ಹಾಕಿಸಿದೆವು.

ಮೂರನೆಯವಳು ನೇಸರಗಿಯಲ್ಲಿರುವ ಗಿರಿಜಾರ ತಂಗಿ ಸವಿತಾ. ನಿನ್ನೆ ಇಡೀ ದಿನ ಕಿಟಕಿಗಳಿಗೆ ಪಾಲಿಶ್ ಹಚ್ಚಿದ್ದಾಳೆ. ಮನೆಯಲ್ಲಿ ಎಂಟು ತಿಂಗಳ ಕೂಸು. ಚೀಲ ಎಲ್ಲಿಟ್ಟಿದ್ದಾಳೆ?

"ಮಂಚದ ಕೆಳಗ ಇಟ್ಟೇನಿ ಅಂದಿದ್ಲು," ಎಂದರು ಗಿರಿಜಾ.

ಹತ್ತು ಸಲ ಫೋನ್ ಮಾಡಿದೆವು, ಸವಿತಾ ಎತ್ತಲಿಲ್ಲ. ಅಕ್ಕಪಕ್ಕದವರ ನಂಬರ್ ಇಬ್ಬರಲ್ಲೂ ಇಲ್ಲ. ಮೂರು ಗಂಟೆಗೆ ಗಿರಿಜಾ ನಮ್ಮ ಅಳಿಯನ ಬೈಕ್ ಹತ್ತಿ ನೇಸರಗಿಗೆ ಹೊರಟರು. ಇಂಥ ಚೀಲ ಇನ್ನಾರ ಮನೆಯಲ್ಲಾದರೂ ಇದ್ದೀತೆಂದು ಇದನ್ನು ಈಗಲೇ ಪೇಪರಿಗೆ ಬರೆದು ಕಳಿಸುತ್ತಿದ್ದೇನೆ.

ಮೂರು ಇಪ್ಪತ್ತು. ಮತ್ತೆ ಮಾಡಿದೆ. ಸವಿತಾಳ ಫೋನ್ ರಿಂಗಾಗುತ್ತಿದೆ, ಇನ್ನೂ ಎತ್ತಿಲ್ಲ.