ಐದು ಕ್ಲಿಕ್ಕಿನ ಬೀಗ

ನಿಘಂಟು ಕಚೇರಿಯ ಗುಮಾಸ್ತ ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು, ಪೇಪರ್ ಎತ್ತಿಕೊಳ್ಳಲೆಂದು ಹೊಸಿಲು ದಾಟಿದ್ದೇ ತಡ, ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಕ್ಲಿಕ್. ಟವೆಲಿನ ತುದಿ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮುಂದಕ್ಕೆ ಹೋದರೆ ಮಾನ ಹೋಗುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಕಸದ ಬುಟ್ಟಿ ಹಿಡಿದು ಹೊರಬಂದ ಎದುರು ಮನೆಯ ಟೀಚರಮ್ಮ ಒಮ್ಮೆ ನೋಡಿ, ಗೋಡೆ ಕಡೆ ತಿರುಗಿ ನಿಂತೇ ಕೇಳಿದರು: “ಏನ್ ಸರ್, ವ್ಯಾಯಾಮಾನಾ?”

ನಗಬೇಕೆಂದು ಬಾಯಿ ತೆರೆದವನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಅದರ ಬೆನ್ನಿಗೇ, ಒಳಕೋಣೆಯಲ್ಲಿ ಮಲಗಿದ್ದ ಎರಡು ವರ್ಷದ ಮೊಮ್ಮಗಳು. ಹೆಂಡತಿ, ಮಗಳು ಇಬ್ಬರೂ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಊರಿನ ಆ ತುದಿಗೆ ಹೋಗಿದ್ದರು. ಇನ್ನೊಂದು ಕೀಲಿ ಒಳಗಿನ ಮೊಳೆಗೆ ಜೋತುಬಿದ್ದಿತ್ತು.

ಟೀಚರಮ್ಮ ತಮ್ಮ ಗಂಡನ ಲುಂಗಿಯೊಂದನ್ನು ಕೊಟ್ಟು ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಅರ್ಧ ಗಂಟೆ ಎಂದರು. ಗುಮಾಸ್ತ ಬಾಗಿಲಿಗೆ ಭುಜ ಕೊಟ್ಟ. ಭುಜ ನೊಂದಿತು, ಬಾಗಿಲು ನೋಯಲಿಲ್ಲ. ಆನೆ ಬಂದು ಗುದ್ದಿದರೂ ಅಲುಗಬಾರದೆಂದು ಕಳ್ಳರ ಭಯಕ್ಕೆ ತಾನೇ ಹಾಕಿಸಿಕೊಂಡಿದ್ದ ಕಬ್ಬಿಣದ ತಗಡಿನ ಬಾಗಿಲು. ಮೂರನೇ ಮಹಡಿ, ಕಿಟಕಿಗಳಿಗೆಲ್ಲ ಸರಳು. ಉಳಿದದ್ದು ಒಂದೇ ದಾರಿ, ಬೀಗ ಕೂರಿಸಿದ ಭಾವ.

ಅಕ್ಕನ ಗಂಡನದು ಬೀದಿಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಬೀರುವಿನಷ್ಟಗಲದ ಅಂಗಡಿ. ಮೂವತ್ತನಾಲ್ಕು ವರ್ಷ ಅಲ್ಲೇ ಮಂಡಿ ಮಡಚಿ ಕೂತು ಕೀಲಿ ಉಜ್ಜಿದ್ದಾರೆ. ಹೊಸ ಕೀಲಿ ಸಿದ್ಧವಾದರೆ ಅದನ್ನು ಬೀಗಕ್ಕೆ ಹಾಕಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ತಿರುಗಿಸಿ ನೋಡದೆ ಗಿರಾಕಿಯ ಕೈಗೆ ಕೊಟ್ಟವರಲ್ಲ. “ಬೀಗ ಸುಳ್ಳು ಹೇಳ್ಬಹುದು, ಅದರ ಕ್ಲಿಕ್ ಹೇಳಲ್ಲ” ಎನ್ನುವರು. ಬೀದಿಯವರು ಅವರಿಗೆ ಇಟ್ಟ ಹೆಸರು ಕಿವಿ ಡಾಕ್ಟ್ರು.

ಟೀಚರಮ್ಮನ ಇನ್ನೊಂದು ಫೋನಿಗೆ ಭಾವ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಹಾಲು ಸೀದ ವಾಸನೆ ಬಂದಿತ್ತು. ಆಮೇಲೆ ಆ ವಾಸನೆ ತೆಳ್ಳಗಾಗಿ, ಅದರ ಜಾಗಕ್ಕೆ ಇನ್ನೊಂದು ಬಂತು. ಉಕ್ಕಿದ ಹಾಲು ಒಲೆ ಆರಿಸಿತ್ತು; ಗ್ಯಾಸ್ ಬರುತ್ತಲೇ ಇತ್ತು. ಮಗುವನ್ನು ಎಬ್ಬಿಸೋಣವೆಂದು ಟೀಚರಮ್ಮ ಕಾಲಿಂಗ್ ಬೆಲ್ಲಿಗೆ ಬೆರಳಿಟ್ಟರು. ಭಾವ ಅವರ ಮಣಿಕಟ್ಟು ಹಿಡಿದೆಳೆದರು.

“ಅಮ್ಮಾ, ಬೇಡ! ಒಂದು ಕಿಡಿ ಹಾರಿದ್ರೆ ಸಾಕು.”

ಅಷ್ಟರಲ್ಲಿ ಒಳಗಿನಿಂದ “ತಾತಾ” ಎಂದಿತು ಮಗು.

ಗುಮಾಸ್ತ ಬಾಗಿಲಿಗೆ ಅಂಟಿ ನಿಂತ. ಮಂಚದ ಪಕ್ಕದಲ್ಲೇ ಸ್ವಿಚ್ಚಿನ ಹಲಗೆ. ದಿಂಬಿನ ಮೇಲೆ ಹತ್ತಿ ಸ್ವಿಚ್ ಒತ್ತುವುದು ಅವಳ ಈ ವಾರದ ಹೊಸ ಆಟ. ಒತ್ತಿದರೆ ದೀಪ, ಇನ್ನೊಮ್ಮೆ ಒತ್ತಿದರೆ ಕತ್ತಲೆ.

“ಪುಟ್ಟೀ, ಸ್ವಿಚ್ ಮುಟ್ಟಬೇಡ ಕಂದಾ!”

“ಬಾಯ್ಮುಚ್ಚೋ ಪಂಡಿತ!” ಭಾವ ಗದರಿದರು. “ಮರ್ತಿರೋದನ್ನ ನೀನೇ ನೆನಪು ಮಾಡ್ತೀಯಲ್ಲ!”

ಟೀಚರಮ್ಮ ನೆಲದ ಮೇಲೆ ಕೂತು, ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟು, “ಪುಟ್ಟೀ, ಕಾಗೆ ಕಥೆ ಹೇಳ್ತೀನಿ, ಓಡ್ ಬಾ” ಎಂದರು. ಪುಟ್ಟ ಪಾದಗಳ ಸದ್ದು ಬಾಗಿಲ ತನಕ ಬಂತು.

ಭಾವ ಎರಡು ಸಣ್ಣ ಕಂಬಿಗಳನ್ನು ಬೀಗಕ್ಕೆ ತೂರಿಸಿ ಕಿವಿ ಹಚ್ಚಿದರು. ಬೀಗದ ಹೊಟ್ಟೆಯಲ್ಲಿ ಪಿನ್ನಿನಂಥ ಐದು ಮೊಳೆಗಳು. ಒಂದೊಂದನ್ನೂ ಎತ್ತಿ ಕೂರಿಸಬೇಕು, ಕೂತದ್ದಕ್ಕೆ ಒಂದೊಂದು ಕ್ಲಿಕ್. ಒಂದು ನಿಮಿಷವಾಯಿತು, ಎರಡಾಯಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಆಮೇಲೆ ತಲೆ ಎತ್ತದೆ ಹೇಳಿದರು:

“ನೀನ್ ಬಾ ಇಲ್ಲಿ. ಕಿವಿ ಇಡು. ಕೂತಾಗ ನನ್ನ ಭುಜ ತಟ್ಟು.”

“ನಾನಾ? ಭಾವ, ನೀವು...”

“ಎಂಟು ತಿಂಗಳಾಯ್ತು. ಮಾತು ಕೇಳ್ಸುತ್ತೆ. ಕ್ಲಿಕ್ ಕೇಳ್ಸಲ್ಲ.”

ಎಂಟು ತಿಂಗಳಿಂದ ಅವರು ಕೀಲಿ ತಿರುಗಿಸುವಾಗ ಕಣ್ಣು ಮುಚ್ಚುತ್ತಿರಲಿಲ್ಲ, ಗಿರಾಕಿಯ ಮುಖ ನೋಡುತ್ತಿದ್ದರು. ಹುಬ್ಬು ಮೇಲೆದ್ದರೆ ಬೀಗ ಕೂಗಿತು ಎಂದರ್ಥ. ಇವತ್ತು ನೋಡಿ ತಿಳಿಯಲು ಬಾಗಿಲಿಗೆ ಮುಖವಿರಲಿಲ್ಲ.

ಗುಮಾಸ್ತ ಕಿವಿಯಿಟ್ಟ. ತಮಾಷೆಯೆಂದರೆ, ಒಂದು ವಾರದಿಂದ ಕಚೇರಿಯಲ್ಲಿ ಇಂಗ್ಲಿಷ್-ಕನ್ನಡ ನಿಘಂಟಿಗಾಗಿ ಅವನು ತಿದ್ದುತ್ತಿದ್ದ ಕಾರ್ಡು ಇದೇ ಪದದ್ದು. ಕ್ಲಿಕ್: ಚಿಕ್ಕ, ಚೂಪಾದ ಸದ್ದು. ಫೋಟೊ ತೆಗೆಯುವುದು. ಕಂಪ್ಯೂಟರಿನ ಮೌಸ್ ಒತ್ತುವುದು. ಪಿಕ್ಚರ್ ಗೆದ್ದರೂ ಕ್ಲಿಕ್, ಇಬ್ಬರಿಗೆ ಮನಸ್ಸು ಕೂಡಿದರೂ ಕ್ಲಿಕ್, ದಡ್ಡನಿಗೆ ತಟ್ಟನೆ ಅರ್ಥವಾದರೂ ಕ್ಲಿಕ್. ಒಂದೇ ಸದ್ದು ಆರು ಮನೆಯಲ್ಲಿ ಉಂಡು ಬರುತ್ತದೆ ಎಂದು ಬೀಗಿದ್ದ. “ಒಂದು ಪದಕ್ಕೆ ಒಂದು ವಾರಾನಾ? ಹೀಗಾದ್ರೆ ಝಡ್ ಮುಟ್ಟೋದು ನಿಮ್ಮ ಮೊಮ್ಮಗಳೇ” ಎಂದು ಸಂಪಾದಕರು ಚುಚ್ಚಿದ್ದರು. ಅದೀಗ ನೆನಪಾಗಿ ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದ.

ಚಿಕ್ಕ, ಚೂಪಾದ ಸದ್ದು. ಕೇಳಿತು! ಭುಜ ತಟ್ಟಿದ. ಭಾವ ಮುಂದಿನ ಮೊಳೆಗೆ ಹೋದರು; ಎಲ್ಲವೂ ಜಾರಿ ಕೆಳಗೆ ಬಿದ್ದವು. ಚೂಪಾಗಿ ಕೇಳಿದ್ದು ಅವನದೇ ಕೈಗಡಿಯಾರ. ಅದನ್ನು ಬಿಚ್ಚಿ ಎಸೆದ. ಎರಡನೆಯ ಸಲ ತಟ್ಟಿದ್ದು ಅವನದೇ ಹಲ್ಲು ಕಡಿದ ಸದ್ದಿಗೆ. ಮತ್ತೆ ಮೊದಲಿಂದ.

“ನನ್ ಕೈಲಾಗಲ್ಲ ಭಾವ. ಏನೂ ಕೇಳಿಸ್ತಿಲ್ಲ.”

“ಹೇಗಿರುತ್ತೆ ಅಂತ ಕಾಯ್ತಿದ್ದೀಯ?”

“ಚೂಪಾಗಿ...”

“ಯಾವನೋ ಹೇಳಿದ್ದು?”

“ನಾನೇ. ಕಾರ್ಡಲ್ಲಿ.”

“ಹರಿದ್ ಬಿಸಾಕು. ನಿಮ್ಮಕ್ಕ ಪಕ್ಕದ ರೂಮಲ್ಲಿ ಕೂತು ನನ್ನ ಮೇಲೆ ನೆಟಿಗೆ ಮುರೀತಾಳಲ್ಲ, ಹಾಗಿರುತ್ತೆ. ಮೊಂಡು. ಬೆರಳಲ್ಲಿ ಹುಟ್ಟಿ ಬೆರಳಲ್ಲೇ ಸಾಯುತ್ತೆ.”

ಟೀಚರಮ್ಮ ಕಥೆ ನಿಲ್ಲಿಸಿದರೆ ಮಗು ಸ್ವಿಚ್ಚಿನ ಕಡೆ ಹೋಗುತ್ತದೆ. ನಿಲ್ಲಿಸದಿದ್ದರೆ ಇವನಿಗೆ ಕೇಳುವುದಿಲ್ಲ. ಆಕೆ ದನಿಯನ್ನು ಪಿಸುಮಾತಿಗಿಳಿಸಿದರು. ಗುಟ್ಟು ಕೇಳಲು ಮಗುವೂ ಉಸಿರು ಹಿಡಿದು ಬಾಗಿಲಿಗೆ ಅಂಟಿಕೊಂಡಿತು.

ಗುಮಾಸ್ತ ಕಣ್ಣು ಮುಚ್ಚಿ ಅಕ್ಕನನ್ನು ನೆನೆದ. ಸಿಟ್ಟಾದ ಅಕ್ಕ, ಗೋಡೆಯಾಚೆ. ತುಂಬಾ ದೂರದಲ್ಲಿ ಒಂದು ನೆಟಿಗೆ ಮುರಿಯಿತು. ತಟ್ಟಿದ. ಇನ್ನೊಂದು. ಮೂರನೆಯದಕ್ಕೆ ಯುಗವೇ ಕಳೆಯಿತು. ಕಾಗೆಗೆ ಹೇಳಲು ಮಾತು ಮುಗಿದು, ಟೀಚರಮ್ಮ ಅದಕ್ಕೊಂದು ಮದುವೆಯನ್ನೇ ಮಾಡಿಸಬೇಕಾಯಿತು. ನಾಲ್ಕು. ಐದು.

ಬಾಗಿಲು ತೆರೆದುಕೊಂಡಿತು. ಗುಮಾಸ್ತ ಮಗುವನ್ನು ಬಾಚಿಕೊಂಡು ಮೆಟ್ಟಿಲಿಗೆ ಓಡಿದ. ಭಾವ ಮೂಗಿಗೆ ಅಂಗಿ ಹಿಡಿದು ಒಳಗೆ ಹೋದರು, ಸಿಲಿಂಡರಿನ ತಿರುಪು ಮುಚ್ಚಿದರು, ಕಿಟಕಿಗಳನ್ನೆಲ್ಲ ತೆರೆದರು.

ಆಮೇಲೆ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತರು. ಕಂಬಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದರು, ಮತ್ತೆ ಬಳಸದವರ ಹಾಗೆ, ನಿಧಾನವಾಗಿ. ಪೆಟ್ಟಿಗೆಯ ಚಿಲಕ ಹಾಕಿದಾಗ ಅವರ ಕಣ್ಣು ತಾನಾಗಿ ಗುಮಾಸ್ತನ ಮುಖಕ್ಕೆ ಬಂತು, ಹುಬ್ಬು ಎದ್ದಿತೇ ಎಂದು ನೋಡಲು. ಅವನು ಹುಬ್ಬೆತ್ತಿದ.

“ನಿಮಗೆ ಕಿವಿ ಕೇಳಲ್ಲ ಅಂತ ಅಕ್ಕನಿಗೆ ಗೊತ್ತಾ ಭಾವ?”

ಭಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಮೂವತ್ತೊಂದು ವರ್ಷದಿಂದ ಹಾಗಂತ ಹೇಳ್ತಾ ಇರೋದೇ ಅವಳು.”